73 ಮೀಟರಿನೊಳಗೆ 68 ಮೀಟರ್: ನಗರ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್‌ನ ಕೂಡುಕುಟುಂಬ

ಕಾರ್ನರ್ ಕಿಕ್ ಹೊಡೆಯಲು ಬಂದ ಆಟಗಾರನ ಕಾಲುಗಳನ್ನು ಗಮನಿಸಿ. ಫುಟ್‌ಬಾಲ್‌ಗೆಂದೇ ಕಟ್ಟಿದ ಮೈದಾನದಲ್ಲಿ ಆತ ನಾಲ್ಕೈದು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಒದೆಯುತ್ತಾನೆ. ಸುತ್ತ ಓಟದ ಟ್ರ್ಯಾಕ್ ಇರುವ ಮೈದಾನದಲ್ಲಿ ಎರಡನೇ ಹೆಜ್ಜೆಗೇ ಹುಲ್ಲು ಮುಗಿದು ಕೆಂಪು ರಬ್ಬರ್ ಶುರುವಾಗುತ್ತದೆ. ಹುಲ್ಲಿಗೆಂದು ಮಾಡಿದ ಗುಬಟಿನ ಬೂಟು ರಬ್ಬರಿನ ಮೇಲೆ ಜಾರುತ್ತದೆ, ನಡುವೆ ಅಡ್ಡಲಾಗಿ ಅಲ್ಯೂಮಿನಿಯಂ ಅಂಚುಪಟ್ಟಿಯೂ ಇರುತ್ತದೆ. ಒಂದೇ ಕ್ರೀಡಾಂಗಣದಲ್ಲಿ ಎರಡು ಆಟ ನಡೆಸುವುದರ ಕಷ್ಟವೆಲ್ಲ ಆ ಮೂಲೆಯಲ್ಲಿ ಮುದ್ದೆಯಾಗಿ ಕಾಣುತ್ತದೆ.

ಖಾಸಗಿ ಕ್ಲಬ್‌ಗೆ ಈ ಕಷ್ಟವಿಲ್ಲ, ಅದು ತನ್ನ ಆಟಕ್ಕೆ ಬೇಕಾದಂತೆ ಕಟ್ಟಿಕೊಳ್ಳುತ್ತದೆ. ನಗರಪಾಲಿಕೆ ಹಾಗೆ ಮಾಡುವಂತಿಲ್ಲ. ಫುಟ್‌ಬಾಲ್ ತಂಡವೂ ಅದರದ್ದೇ, ಬೆಳಗ್ಗೆ ಓಡಲು ಬರುವವರೂ ಅದರ ತೆರಿಗೆದಾರರೇ, ಶಾಲಾ ಕ್ರೀಡಾಕೂಟಕ್ಕೂ ಅದೇ ಜಾಗ ಬೇಕು. ಎರಡು ಮೈದಾನಗಳಿಗೆ ಆಗುವಷ್ಟು ಜಾಗ ಊರ ನಡುವೆ ಸಿಗುವುದೂ ಇಲ್ಲ. ಹೀಗಾಗಿ ಒಂದೇ ಅಂಡಾಕಾರದ ಒಳಗೆ ಫುಟ್‌ಬಾಲ್, ಅಂಚಿನಲ್ಲಿ ಓಟ ಎಂಬ ಏರ್ಪಾಟು ಜಗತ್ತಿನ ನೂರಾರು ಊರುಗಳಲ್ಲಿ ಬೇರೂರಿತು. ನಕಾಶೆಯ ಮೇಲೆ ಇದು ಸೊಗಸಾಗಿ ಹೊಂದುತ್ತದೆ. ನೆಲದ ಮೇಲೆ ಜಗಳ ಹುಟ್ಟುವುದು ಎರಡೇ ಕಡೆ: ಕೆಲವು ಮೀಟರುಗಳಲ್ಲಿ ಮತ್ತು ಹುಲ್ಲಿಗೆ ಬೇಕಾದ ಕೆಲವು ವಾರಗಳಲ್ಲಿ.

ಅಂಡದ ಲೆಕ್ಕ

ಪ್ರಮಾಣಿತ ಟ್ರ್ಯಾಕ್ ಎಂದರೆ ಎರಡು ನೇರ ಭಾಗ, ಎರಡು ಅರ್ಧವೃತ್ತ. ನೇರ ಭಾಗ ತಲಾ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಇವನ್ನು ಕೂಡಿಸಿದರೆ 400 ಬರುವುದಿಲ್ಲ, 398.12 ಬರುತ್ತದೆ. ಮೊದಲ ಸಲ ಲೆಕ್ಕ ಹಾಕಿದವರು ಇಲ್ಲಿ ತಬ್ಬಿಬ್ಬಾಗುವುದು ಸಹಜ. ಓಟಗಾರ ಅಂಚಿನ ಮೇಲೆ ಓಡುವುದಿಲ್ಲ, ಸ್ವಲ್ಪ ಹೊರಗೆ ಓಡುತ್ತಾನೆ ಎಂಬುದನ್ನು ನಿಯಮ ಒಪ್ಪಿಕೊಂಡಿದೆ. ಒಳ ಅಂಚಿನಲ್ಲಿ 5 ಸೆಂಟಿಮೀಟರ್ ಎತ್ತರದ ಪಟ್ಟಿ, ಅಂದರೆ ಕರ್ಬ್, ಇದ್ದರೆ ಅಳತೆಯ ಗೆರೆ ಅದರಿಂದ 30 ಸೆಂಟಿಮೀಟರ್ ಹೊರಗೆ. ಆಗ ತ್ರಿಜ್ಯ 36.80 ಆಗಿ ಸುತ್ತಳತೆ ಸರಿಯಾಗಿ 400 ಆಗುತ್ತದೆ. ಕರ್ಬ್ ಇಲ್ಲದೆ ಬರೀ ಬಿಳಿಗೆರೆ ಇರುವ ಕಡೆ, ಹಾಗೆಯೇ ಎರಡನೇ ಲೇನ್‌ನಿಂದ ಆಚೆಗೆ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ.

ಈ 10 ಸೆಂಟಿಮೀಟರ್ ವ್ಯತ್ಯಾಸ ಪುಸ್ತಕದ ಮಾತಲ್ಲ. ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಆಟಗಾರರು ಎಡವಬಾರದೆಂದು ಕರ್ಬ್ ಬಿಚ್ಚಿ ಎತ್ತಿಡುತ್ತಾರೆ. ಪಂದ್ಯ ಮುಗಿದ ಮೇಲೆ ಅದನ್ನು ಮರಳಿ ಕೂರಿಸದೆ ಓಟದ ಸ್ಪರ್ಧೆ ನಡೆಸಿದರೆ ಮೊದಲ ಲೇನ್‌ನ ಸುತ್ತು 399.37 ಮೀಟರಿಗೆ ಇಳಿಯುತ್ತದೆ. ಒಂದು ಸುತ್ತಿಗೆ 63 ಸೆಂಟಿಮೀಟರ್ ಖೋತಾ. 10,000 ಮೀಟರ್ ಓಟದ 25 ಸುತ್ತಿಗೆ ಸುಮಾರು 16 ಮೀಟರ್ ಕಡಿಮೆ ಓಡಿದಂತೆ. ಅಷ್ಟರ ಮೇಲೆ ಯಾರಾದರೂ ದಾಖಲೆ ಮಾಡಿದರೆ ಅದು ಉಳಿಯುವುದಿಲ್ಲ. ಕರ್ಬ್‌ನ ತುಂಡುಗಳಿಗೆ ಸಂಖ್ಯೆ ಬರೆದಿಡುವುದು ಇದಕ್ಕೇ. ತಿರುವಿನ ತುಂಡು ತುಸು ಬಾಗಿರುತ್ತದೆ. ನೇರ ಭಾಗದ ತುಂಡನ್ನು ಅಲ್ಲಿ ಒತ್ತಾಯದಿಂದ ಕೂರಿಸಿದರೆ ಗೂಟ ಕಿತ್ತು ಬರುತ್ತದೆ.

ಲೇನ್ ಅಗಲ 1.22 ಮೀಟರ್. ಎರಡನೇ ಲೇನ್‌ನವನು ಒಂದು ಪೂರ್ಣ ಸುತ್ತಿನಲ್ಲಿ ಮೊದಲನೆಯವನಿಗಿಂತ 7.04 ಮೀಟರ್ ಹೆಚ್ಚು ಓಡಬೇಕಾಗುತ್ತದೆ, ಎಂಟನೆಯವನು 53.03 ಮೀಟರ್. 400 ಮೀಟರ್ ಓಟದಲ್ಲಿ ಹೊರಗಿನವರು ಮುಂದೆ ನಿಂತು ಶುರುಮಾಡುವುದು ಇದೇ ಲೆಕ್ಕಕ್ಕೆ. 110 ಮೀಟರ್ ಹರ್ಡಲ್ಸ್‌ಗೆ ಹಿಂದೆ 3 ಮೀಟರ್, ಗುರಿ ದಾಟಿದ ಮೇಲೆ ನಿಲ್ಲಲು 17 ಮೀಟರ್ ಬೇಕು. ಹಾಗಾಗಿ ಮುಖ್ಯ ಗ್ಯಾಲರಿಯ ಎದುರಿನ ನೇರ ಭಾಗ ಅಂಡದಿಂದ ಬಾಲ ಚಾಚಿ 130 ಮೀಟರ್ ಆಗುತ್ತದೆ.

ಈಗ ಫುಟ್‌ಬಾಲ್ ಒಳಗೆ ಬರಲಿ. ಅಂಡದ ಒಳ ಅಗಲ ತ್ರಿಜ್ಯದ ಎರಡರಷ್ಟು, 73 ಮೀಟರ್. ದೊಡ್ಡ ಪಂದ್ಯಗಳಿಗೆ ಕೇಳುವ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಪಕ್ಕಗೆರೆಯಿಂದ ಕರ್ಬ್‌ಗೆ ಎರಡೂ ಕಡೆ ತಲಾ ಎರಡೂವರೆ ಮೀಟರ್ ಉಳಿಯಿತು. ಲೈನ್ಸ್‌ಮನ್ ಓಡಲು ಸಾಕು, ಜಾರಿ ಬರುವ ಆಟಗಾರನಿಗೆ ಸಾಲದು. ಗೋಲಿನ ಹಿಂದೆ ಮಾತ್ರ ಧಾರಾಳ: ಗೋಲು ಗೆರೆಯ ನಡುವಿನಿಂದ ಕರ್ಬ್‌ಗೆ 26 ಮೀಟರ್. ಮೂಲೆಯಲ್ಲಿ ಲೆಕ್ಕ ಕೈಕೊಡುತ್ತದೆ. ಅರ್ಧವೃತ್ತ ಅಲ್ಲಿ ಒಳಕ್ಕೆ ಬಾಗುವುದರಿಂದ ಕಾರ್ನರ್ ಬಾವುಟದಿಂದ ಕರ್ಬ್‌ಗೆ ಉಳಿಯುವ ಅಂತರ 97 ಸೆಂಟಿಮೀಟರ್, ಒಂದು ಮೀಟರೂ ಇಲ್ಲ.

ಅಂಕಣವನ್ನು ಕುಗ್ಗಿಸಬಹುದು. ಅಂತರರಾಷ್ಟ್ರೀಯ ಪಂದ್ಯಕ್ಕೂ ನಿಯಮ 100ರಿಂದ 110 ಮೀಟರ್ ಉದ್ದ, 64ರಿಂದ 75 ಮೀಟರ್ ಅಗಲವನ್ನು ಒಪ್ಪುತ್ತದೆ. 100 × 64ಕ್ಕೆ ಇಳಿಸಿದರೆ ಮೂಲೆಯ ಅಂತರ ಒಮ್ಮೆಲೇ ಮೂರೂವರೆ ಮೀಟರಿಗೆ ಏರುತ್ತದೆ. ಸ್ಥಳೀಯ ಪಂದ್ಯಗಳಿಗೆ ಹೀಗೇ ಮಾಡುವುದು ಜಾಣತನ. ದೊಡ್ಡ ಲೀಗುಗಳು ಮಾತ್ರ 105 × 68 ಅನ್ನೇ ಹಟ ಹಿಡಿದು ಕೇಳುತ್ತವೆ. ಆಗ ಕರ್ಬ್ ಬಿಚ್ಚಿ, ಮೂಲೆಗಳಲ್ಲಿ ಟ್ರ್ಯಾಕ್ ಮೇಲೆ ಕೃತಕ ಹುಲ್ಲಿನ ಹಾಸು ಹರಡಬೇಕು. ಹುಲ್ಲಿಗೂ ಹಾಸಿಗೂ ಒಂದೇ ಮಟ್ಟ ಬರುವಂತೆ ಅಡಿಗೆ ಪದರ ಕೊಡಬೇಕು. ಬರಿಯ ಹಾಸನ್ನು ರಬ್ಬರಿನ ಮೇಲೆ ಬಿಚ್ಚಿಟ್ಟರೆ ಮಳೆಯಲ್ಲಿ ಅದು ಇಡಿಯಾಗಿ ಸರಿಯುತ್ತದೆ, ಬಿಸಿಲಲ್ಲಿ ಅಂಚು ಸುರುಳಿಯಾಗಿ ಏಳುತ್ತದೆ.

ಮೂರನೇ ದಾರಿಯೂ ಇದೆ. ತಿರುವನ್ನು ಒಂದೇ ತ್ರಿಜ್ಯದ ಅರ್ಧವೃತ್ತವಾಗಿ ಮಾಡದೆ, ಎರಡು ಬೇರೆ ಬೇರೆ ತ್ರಿಜ್ಯಗಳ ಕಮಾನುಗಳನ್ನು ಜೋಡಿಸಿ ಚಪ್ಪಟೆ ಮಾಡಿದರೆ ಒಳಜಾಗ ಅಗಲವಾಗುತ್ತದೆ. ಫುಟ್‌ಬಾಲಿಗರಿಗೆ ಹಬ್ಬ. ಆದರೆ ಓಟಗಾರನಿಗೆ ಒಂದೇ ತಿರುವಿನಲ್ಲಿ ಬಾಗು ಬದಲಾಗುತ್ತದೆ, ಬಿಗಿಯಾದ ತುಂಡಿನಲ್ಲಿ ಒಳಲೇನ್‌ನವನಿಗೆ ಹೊಡೆತ ಹೆಚ್ಚು. ಗೆರೆ ಎಳೆಯುವವರ ಪಾಡು ಬೇರೆಯೇ: ಪ್ರತಿ ಲೇನ್‌ನ ಮುನ್ನಡೆಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಎಲ್ಲರಿಗೂ ಬಾಯಿಪಾಠವಾದ 7.04 ಇಲ್ಲಿ ನಡೆಯುವುದಿಲ್ಲ.

400 ಎಲ್ಲಿಂದ ಬಂತು

ಪ್ರಾಚೀನ ಒಲಿಂಪಿಯಾದಲ್ಲಿ ಓಟದ ಅಂಗಳ ನೇರವಾಗಿತ್ತು. ಅದರ ಉದ್ದ ಸುಮಾರು 192 ಮೀಟರ್, ಆ ಅಳತೆಯ ಹೆಸರೇ ‘ಸ್ಟಾಡಿಯಾನ್’. ತುದಿ ಮುಟ್ಟಿ ತಿರುಗಿ ಓಡುವುದು ಕ್ರಮವಾಗಿದ್ದರಿಂದ ತಿರುವಿನ ತ್ರಿಜ್ಯ ಎಂಬ ತಲೆನೋವೇ ಇರಲಿಲ್ಲ. 1896ರಲ್ಲಿ ಅಥೆನ್ಸ್‌ನ ಹಳೆಯ ಅಮೃತಶಿಲೆಯ ಕ್ರೀಡಾಂಗಣದಲ್ಲೇ ಆಧುನಿಕ ಒಲಿಂಪಿಕ್ಸ್ ನಡೆದಾಗ ಆ ಉದ್ದನೆಯ, ಇಕ್ಕಟ್ಟಾದ ಅಂಗಳದಲ್ಲಿ 333 ಮೀಟರ್ ಚಿಲ್ಲರೆಯ ಟ್ರ್ಯಾಕ್ ಹಾಕಿದರು. ತಿರುವು ಎಷ್ಟು ಬಿಗಿ ಎಂದರೆ ಓಟಗಾರರು ಅಲ್ಲಿ ವೇಗ ಕಳೆದುಕೊಳ್ಳಲೇಬೇಕಿತ್ತು. ಓಡಿದ್ದೂ ಈಗಿನಂತೆ ಎಡಕ್ಕೆ ತಿರುಗುತ್ತಾ ಅಲ್ಲ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ.

ಆಮೇಲೆ ಒಂದೊಂದು ಊರಿನದು ಒಂದೊಂದು ಅಳತೆ. 1908ರ ಲಂಡನ್‌ನಲ್ಲಿ ಮೂರು ಸುತ್ತಿಗೆ ಒಂದು ಮೈಲಿ, ಅಂದರೆ ಸುತ್ತಿಗೆ 536 ಮೀಟರ್. ಅದರ ಹೊರಗೆ ಸೈಕಲ್ ಪಥ, ಒಳಗೆ 100 ಮೀಟರ್ ಉದ್ದದ ಈಜುಕೊಳ! ಒಂದೇ ಅಂಗಳದಲ್ಲಿ ಎಲ್ಲವನ್ನೂ ತುರುಕುವ ಆಸೆ ನಮ್ಮ ಕಾಲದ್ದಲ್ಲ. 1912ರ ಸ್ಟಾಕ್‌ಹೋಮ್‌ನಲ್ಲಿ 383 ಮೀಟರ್, 1924ರ ಪ್ಯಾರಿಸ್‌ನಲ್ಲಿ 500. ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಟ್ರ್ಯಾಕ್ ಮೊದಲು ಕಂಡದ್ದು 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. 400 ನಿಂತದ್ದಕ್ಕೆ ಕಾರಣ ಅದರ ಹೊಂದಾಣಿಕೆ: 800, 1,500, 5,000, 10,000 ಎಲ್ಲವೂ ಸಲೀಸಾಗಿ ಪೂರ್ಣ, ಅರ್ಧ ಇಲ್ಲವೇ ಮುಕ್ಕಾಲು ಸುತ್ತುಗಳಾಗಿ ಒಡೆಯುತ್ತವೆ, ಆಗಿನ ಇಂಗ್ಲಿಷ್ ಮಾಪನದ 440 ಗಜ ಕೂಡ 402.34 ಮೀಟರಾಗಿ ಹತ್ತಿರವೇ ನಿಲ್ಲುತ್ತದೆ. ಫುಟ್‌ಬಾಲ್ ಅಂಕಣ ಅದರೊಳಗೆ ಬಹುತೇಕ ಹಿಡಿಸುವುದು ನಗರಗಳಿಗೆ ಸಿಕ್ಕ ಉಡುಗೊರೆ. ಈ ‘ಬಹುತೇಕ’ದ ಬೆಲೆಯನ್ನು ಮೂಲೆಯಲ್ಲಿ ಈಗಾಗಲೇ ನೋಡಿದೆವು.

ನಗರದ ಒಡೆತನ ಹೇಗೆ ಬರುತ್ತದೆ ಎಂಬುದಕ್ಕೆ ಜ್ಯೂರಿಚ್‌ನ ಲೆಟ್ಸಿಗ್ರುಂಡ್ ಒಳ್ಳೆಯ ಉದಾಹರಣೆ. 1925ರಲ್ಲಿ ಅದನ್ನು ತೆರೆದದ್ದು ಒಂದು ಫುಟ್‌ಬಾಲ್ ಕ್ಲಬ್. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ, 1937ರ ಹೊತ್ತಿಗೆ ಅದು ನಗರದ ಕೈಗೆ ಬಂತು. ಅಲ್ಲಿನ ಟ್ರ್ಯಾಕ್ ಮೇಲೆ 1960ರ ಜೂನ್ 21ರಂದು ಜರ್ಮನಿಯ ಆರ್ಮಿನ್ ಹಾರಿ 100 ಮೀಟರನ್ನು 10.0 ಸೆಕೆಂಡಿನಲ್ಲಿ ಓಡಿದರು. ಮೊದಲ ಓಟದ ಆರಂಭ ಸರಿಯಿರಲಿಲ್ಲ ಎಂದು ಅದನ್ನು ತಳ್ಳಿಹಾಕಿದಾಗ ಅದೇ ದಿನ ಮತ್ತೆ ಓಡಿ ಮತ್ತೆ 10.0 ತೆಗೆದರು. 2007ರಲ್ಲಿ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಿದರೂ ಟ್ರ್ಯಾಕ್ ಬಿಡಲಿಲ್ಲ. ಮರುವರ್ಷ ಯುರೋಪಿನ ರಾಷ್ಟ್ರಗಳ ಫುಟ್‌ಬಾಲ್ ಟೂರ್ನಿಯ ಪಂದ್ಯಗಳು ಅಲ್ಲೇ ನಡೆದವು.

ಬೂದಿಯಿಂದ ರಬ್ಬರಿಗೆ

ಮೊದಮೊದಲ ಟ್ರ್ಯಾಕ್‌ಗಳು ಸಿಂಡರ್‌ನವು. ಕಲ್ಲಿದ್ದಲು ಉರಿದು ಉಳಿದ ಕಿಟ್ಟವನ್ನು ಪುಡಿಮಾಡಿ, ಮಣ್ಣು ಬೆರೆಸಿ, ರೋಲರ್ ಹೊಡೆದು ಮಟ್ಟ ಮಾಡುತ್ತಿದ್ದರು. ಅಗ್ಗವೇನೋ ಹೌದು, ಆದರೆ ದಿನವೂ ಆರೈಕೆ ಬೇಡುವ ಜಾತಿ. ಒಣಗಿದರೆ ದೂಳು, ನೆನೆದರೆ ಕೆಸರು. ಎಲ್ಲರೂ ಓಡಿದ ಮೊದಲ ಲೇನ್ ಮಧ್ಯಾಹ್ನದ ಹೊತ್ತಿಗೆ ಉಳುಮೆಯಾದ ಸಾಲಿನಂತೆ ಕಾಣುತ್ತಿತ್ತು. ಸುಣ್ಣದ ಗೆರೆಯನ್ನು ಪ್ರತಿ ಕೂಟಕ್ಕೂ ಹೊಸದಾಗಿ ಎಳೆಯಬೇಕಿತ್ತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಬಂದ ಮೇಲೆ ಸಿಂಡರ್ ಯುಗ ಮುಗಿಯಿತು.

ಇಂದಿನ ಸಿಂಥೆಟಿಕ್ ಟ್ರ್ಯಾಕ್ ನೋಡಲು ಒಂದೇ ಕೆಂಪು ಚಾಪೆ, ಒಳಗೆ ಮೂರ್ನಾಲ್ಕು ಬಗೆ. ಕಾರ್ಖಾನೆಯಲ್ಲೇ ತಯಾರಾದ ರಬ್ಬರ್ ಸುರುಳಿಯನ್ನು ತಂದು ಅಂಟಿಸುವುದು ಒಂದು. ಪಾಲಿಯುರೆಥೇನ್ ಅನ್ನು ಸ್ಥಳದಲ್ಲೇ ಸುರಿದು ಪೂರ್ತಿ ಗಟ್ಟಿ ಪದರ ಮಾಡುವುದು ಇನ್ನೊಂದು. ಕೆಳಗೆ ರಬ್ಬರ್ ತರಿಯ ಹಾಸು, ಮೇಲೆ ಪಾಲಿಯುರೆಥೇನ್ ಪದರ ಇರುವ ‘ಸ್ಯಾಂಡ್‌ವಿಚ್’ ಮೂರನೆಯದು. ರಬ್ಬರ್ ತರಿಯ ಮೇಲೆ ಬಣ್ಣದಂತೆ ಸಿಂಪಡಿಸುವುದು ಎಲ್ಲಕ್ಕಿಂತ ಅಗ್ಗ. ಈ ಕೊನೆಯದರಲ್ಲಿ ನೀರು ಕೆಳಕ್ಕೆ ಇಂಗುತ್ತದೆ, ಹಾಗಾಗಿ ಅಡಿಯ ಡಾಂಬರು ಪದರವೂ ನೀರು ಬಿಡುವಂಥದ್ದೇ ಆಗಿರಬೇಕು. ಕೆಲಸಗಾರರು ಮಾಮೂಲಿ ರಸ್ತೆ ಡಾಂಬರು ಹಾಕಿ ಮೇಲೆ ಸಿಂಪಡಿಸಿದರೆ ಒಳಸೇರಿದ ನೀರು ಬಿಸಿಲಿಗೆ ಆವಿಯಾಗಿ ಮೇಲಿನ ಪದರವನ್ನು ಗುಳ್ಳೆ ಎಬ್ಬಿಸುತ್ತದೆ.

ಸ್ಪರ್ಧೆಯ ಮಟ್ಟಕ್ಕೆ ಹಾಸಿನ ದಪ್ಪ ಸುಮಾರು 12 ಮಿಲಿಮೀಟರ್ ಬೇಕು. ಜಾವೆಲಿನ್ ಎಸೆಯುವವನು ಕಾಲು ಊರಿ ನಿಲ್ಲುವ ಕಡೆ, ಜಿಗಿತದ ಪಟ್ಟಿಯ ಹತ್ತಿರ, ಅಡ್ಡತಡೆ, ನೀರುಗುಂಡಿ ಹಾರಿ ಓಡುವ ಸ್ಟೀಪಲ್‌ಚೇಸ್‌ನ ಗುಂಡಿಯ ಇಳಿಜಾರಿನಲ್ಲಿ ಇದಕ್ಕಿಂತ ದಪ್ಪ. ಹೊಡೆತವನ್ನು ಹಾಸು 35ರಿಂದ 50 ಶೇಕಡಾ ನುಂಗಬೇಕು. ಕಡಿಮೆಯಾದರೆ ಮೊಣಕಾಲು ನೋಯುತ್ತದೆ, ಹೆಚ್ಚಾದರೆ ಕಾಲಿನ ಬಲವೆಲ್ಲ ಹಾಸಿಗೇ ಹೋಗುತ್ತದೆ. ಸ್ಪೈಕ್ ಮೊಳೆಗೆ ಮಿತಿ 9 ಮಿಲಿಮೀಟರ್, ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ 12. ಹಾಸು ಬೇಗ ಸವೆಯುತ್ತದೆಂದು ಅನೇಕ ಪಾಲಿಕೆಗಳು ಅಭ್ಯಾಸಕ್ಕೆ 6ಕ್ಕೆ ಮೇಲೆ ಬಿಡುವುದಿಲ್ಲ.

ಹಾಸು ಹಾಳಾಗುವುದು ದೊಡ್ಡ ಕೂಟಗಳಿಂದ ಎಂದು ಭಾವಿಸಬೇಡಿ. ದಿನವೂ ಬೆಳಗ್ಗೆ ಬರುವವರೆಲ್ಲ ಮೊದಲ ಲೇನ್‌ನಲ್ಲೇ ಓಡುತ್ತಾರೆ. ಏಳೆಂಟು ವರ್ಷಕ್ಕೆ ಅಲ್ಲಿ ಮೇಲಿನ ತರಿ ಸವೆದು ನುಣುಪಾಗುತ್ತದೆ, ಆರನೇ ಲೇನ್ ಹೊಸದರಂತೆ ಉಳಿದಿರುತ್ತದೆ. ಒಳಗಿನ ಎರಡು ಲೇನ್‌ಗೆ ಕೋನ್ ಇಟ್ಟು, ನಿಧಾನವಾಗಿ ಓಡುವವರನ್ನು ಹೊರಗಿನ ಲೇನ್‌ಗೆ ಕಳಿಸುವುದು ಇದಕ್ಕೆ ಖರ್ಚಿಲ್ಲದ ಮದ್ದು. ಇನ್ನುಳಿದ ಶತ್ರುಗಳು ಹುಲ್ಲಿನ ಕಡೆಯಿಂದ ಬರುತ್ತವೆ. ಹುಲ್ಲು ಕತ್ತರಿಸುವ ಯಂತ್ರದಿಂದ ಸೋರಿದ ಪೆಟ್ರೋಲ್ ಪಾಲಿಯುರೆಥೇನ್ ಅನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಕಬ್ಬಿಣದ ಅಂಶವಿರುವ ಗೊಬ್ಬರದ ಕಾಳು ಬಿದ್ದರೆ ಹೋಗದ ತುಕ್ಕಿನ ಕಲೆ. ಹುಲ್ಲಿಗೆ ಹರಡುವ ಮರಳು ಗಾಳಿಗೆ ಹಾರಿ ಟ್ರ್ಯಾಕಿನ ರಂಧ್ರಗಳನ್ನು ಮುಚ್ಚುತ್ತದೆ. ಯಂತ್ರ ದಾಟುವ ಜಾಗ ಒಂದೇ ಇರಬೇಕು, ಅಲ್ಲಿ ಹಲಗೆ ಹಾಸಬೇಕು, ಇಂಧನ ತುಂಬುವುದು ಗೇಟಿನಾಚೆಗೇ ಆಗಬೇಕು. ಈ ಮೂರನ್ನು ಪಾಲಿಸಿದ ಕ್ರೀಡಾಂಗಣದ ಟ್ರ್ಯಾಕ್ ಪಾಲಿಸದ್ದಕ್ಕಿಂತ ಹಲವು ವರ್ಷ ಹೆಚ್ಚು ಬಾಳುವುದರಲ್ಲಿ ಆಶ್ಚರ್ಯವಿಲ್ಲ.

ನೀರಿನದು ಪ್ರತ್ಯೇಕ ಲೆಕ್ಕ. ಟ್ರ್ಯಾಕ್ ಒಳಮುಖವಾಗಿ ನೂರಕ್ಕೆ ಒಂದರಷ್ಟು ಮಾತ್ರ ಇಳಿಜಾರಾಗಬಹುದು, ಓಟದ ದಿಕ್ಕಿನಲ್ಲಿ ಸಾವಿರಕ್ಕೆ ಒಂದು. ಎಂಟು ಲೇನ್‌ಗಳ ಟ್ರ್ಯಾಕಿನ ವಿಸ್ತೀರ್ಣ ಹತ್ತಿರಹತ್ತಿರ 4,200 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 42,000 ಲೀಟರ್ ನೀರು ಕರ್ಬ್ ಕಡೆಗೆ ಹರಿದು ಬರುತ್ತದೆ. ಫುಟ್‌ಬಾಲ್ ಅಂಕಣದ 71,000 ಲೀಟರ್ ಬೇರೆ. ಇವೆರಡರ ನಡುವೆ ಕರ್ಬ್‌ಗೆ ತಾಗಿಕೊಂಡೇ ಸೀಳುಬಾಯಿಯ ಚರಂಡಿ ಇರಬೇಕು. ಅದರೊಳಗೆ ಕತ್ತರಿಸಿದ ಹುಲ್ಲು, ಮರಳು ಸೇರಿ ಕಟ್ಟಿಕೊಂಡರೆ ಟ್ರ್ಯಾಕಿನ ನೀರೆಲ್ಲ ಅಂಕಣದ ಮೂಲೆಗೆ ನುಗ್ಗುತ್ತದೆ. ಕಾರ್ನರ್ ಜಾಗ ಸದಾ ಕೆಸರಾಗಿರುವ ಮೈದಾನ ಕಂಡರೆ ಹುಲ್ಲನ್ನು ಬೈಯುವ ಮುಂಚೆ ಚರಂಡಿಯ ಜಾಲರಿ ಎತ್ತಿ ನೋಡಬೇಕು.

ಹುಲ್ಲಿನ ಮೇಲೆ ಬೀಳುವ ಏಳು ಕಿಲೋ

ಫುಟ್‌ಬಾಲಿಗರಿಗೂ ಅಥ್ಲೀಟ್‌ಗಳಿಗೂ ನಿಜವಾದ ಹಗ್ಗಜಗ್ಗಾಟ ಟ್ರ್ಯಾಕಿನದಲ್ಲ, ಎಸೆತಗಳದ್ದು. ತಂತಿಗೆ ಕಟ್ಟಿ ಸುತ್ತಿ ಎಸೆಯುವ ಗುಂಡು, ಅಂದರೆ ಹ್ಯಾಮರ್, ಪುರುಷರದು 7.26 ಕಿಲೋ, ಮಹಿಳೆಯರದು 4 ಕಿಲೋ. ಅದು ಎತ್ತರದಿಂದ ಬಿದ್ದ ಕಡೆ ಹುಲ್ಲಿನಲ್ಲಿ ಮುಷ್ಟಿ ಇಳಿಯುವಷ್ಟು ಗುಂಡಿ. ಅರ್ಧ ದಿನದ ಸ್ಪರ್ಧೆಯಲ್ಲಿ ಅಂಥ ಹತ್ತಾರು ಗುಂಡಿ, ಅವೂ ಹೆಚ್ಚಾಗಿ ಒಂದೇ ದೂರದಲ್ಲಿ, ಬಹುಮಟ್ಟಿಗೆ ಒಂದು ಪೆನಾಲ್ಟಿ ಆವರಣದ ಆಸುಪಾಸಿನಲ್ಲಿ. ಮುಚ್ಚುವ ಕ್ರಮವೂ ಇದೆ. ಮೇಲಿಂದ ಮಣ್ಣು ಸುರಿದು ತುಳಿಯಬಾರದು. ಹಾಗೆ ಮಾಡಿದರೆ ಕೆಳಗೆ ಟೊಳ್ಳು ಉಳಿದು, ನಾಲ್ಕು ದಿನಕ್ಕೆ ತಗ್ಗಾಗಿ, ಯಾರದೋ ಕಾಲು ಉಳುಕುತ್ತದೆ. ಫೋರ್ಕ್ ಅನ್ನು ಗುಂಡಿಯ ಸುತ್ತ ಓರೆಯಾಗಿ ಚುಚ್ಚಿ, ಒತ್ತಿಹೋದ ಮಣ್ಣನ್ನು ಕೆಳಗಿನಿಂದ ಮೇಲಕ್ಕೆತ್ತಿ, ಉಳಿದ ಜಾಗಕ್ಕೆ ಅಂಕಣದ ಬೇರುಪದರದಲ್ಲಿರುವಂಥದ್ದೇ ಮರಳುಮಿಶ್ರಣ ತುಂಬಿ, ಬೀಜ ಹಾಕಿ, ಮೆಲ್ಲಗೆ ಒತ್ತಬೇಕು. ಬೇರೆ ಬಗೆಯ ಜಿಗುಟು ಮಣ್ಣು ತುಂಬಿದರೆ ಅಲ್ಲಿ ನೀರು ನಿಂತು ಹುಲ್ಲು ಕೊಳೆಯುತ್ತದೆ.

ಹಾಗಾದರೆ ಕೃತಕ ಹುಲ್ಲು ಹಾಕಿಬಿಡೋಣ ಎಂದು ಯಾರಾದರೂ ಸಭೆಯಲ್ಲಿ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಸಹಜ ಹುಲ್ಲು ವಾರಕ್ಕೆ ಐದಾರು ಗಂಟೆ ಆಟವನ್ನಷ್ಟೇ ತಾಳಿಕೊಳ್ಳುತ್ತದೆ, ಕೃತಕ ಹುಲ್ಲಿನ ಮೇಲೆ ದಿನವಿಡೀ ಆಡಬಹುದು, ಆ ಮಾತು ನಿಜ. ಆದರೆ ಅದರ ಮೇಲೆ ಹ್ಯಾಮರ್ ಬಿದ್ದರೆ ಹಾಸು ಹರಿಯುತ್ತದೆ, ಜಾವೆಲಿನ್ ಚುಚ್ಚಿಕೊಳ್ಳದೆ ಜಾರುತ್ತದೆ. ಕೃತಕ ಹುಲ್ಲು ಬಂದ ದಿನವೇ ಉದ್ದ ಎಸೆತಗಳು ಕ್ರೀಡಾಂಗಣದಿಂದ ಹೊರಬಿದ್ದಂತೆ. ಅತ್ತ ದರಿ, ಇತ್ತ ಪುಲಿ. ಅನೇಕ ನಗರಗಳು ಹೊರಗೆ ಪಕ್ಕದ ಬಯಲಲ್ಲಿ ಎಸೆತಕ್ಕೆಂದೇ ಬೇಲಿ ಹಾಕಿ ಅಂಗಳ ಮಾಡಿಕೊಟ್ಟಿವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜಗಳ ಬಗೆಹರಿಸುವ ಇನ್ನೊಂದು ಉಪಾಯ ಇಲ್ಲ ಎಂದೇ ಹೇಳಬಹುದು.

ಜಾವೆಲಿನ್‌ಗೆ ಕ್ರೀಡಾಂಗಣವೇ ಸಾಲದಾದ ಕಾಲವೂ ಬಂದಿತ್ತು. 1984ರ ಜುಲೈನಲ್ಲಿ ಪೂರ್ವ ಬರ್ಲಿನ್‌ನಲ್ಲಿ ಊವೆ ಹೋನ್ 104.80 ಮೀಟರ್ ಎಸೆದರು. ಫುಟ್‌ಬಾಲ್ ಅಂಕಣದ ಉದ್ದಕ್ಕಿಂತ ಕೇವಲ 20 ಸೆಂಟಿಮೀಟರ್ ಕಡಿಮೆ! ಇನ್ನು ಸ್ವಲ್ಪ ಮುಂದುವರಿದಿದ್ದರೆ ಆಚೆ ತುದಿಯಲ್ಲಿ ಎತ್ತರ ಜಿಗಿಯುವವರ ಗತಿಯೇನು? 1986ರಿಂದ ಪುರುಷರ ಜಾವೆಲಿನ್‌ನ ಗುರುತ್ವಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಬಾಗಿ ನೆಲಕ್ಕೆ ಚುಚ್ಚತೊಡಗಿತು, ಅಡ್ಡಬಿದ್ದ ಎಸೆತಗಳ ತಕರಾರೂ ಕಡಿಮೆಯಾಯಿತು. ಕ್ರೀಡಾಂಗಣವನ್ನು ಹಿಗ್ಗಿಸಲಾಗದೆ ಉಪಕರಣವನ್ನೇ ಬದಲಿಸಿದ ಅಪರೂಪದ ಪ್ರಸಂಗ ಇದು.

ಪಂದ್ಯದ ಮರುದಿನ ಕೂಟ

ಶನಿವಾರ ಫುಟ್‌ಬಾಲ್, ಭಾನುವಾರ ಅಥ್ಲೆಟಿಕ್ಸ್ ಎಂದಿದ್ದರೆ ರಾತ್ರಿಯ ಪಾಳಿಗೆ ಕೈತುಂಬ ಕೆಲಸ. ಮೊದಲು ಜಾಹೀರಾತು ಹಲಗೆ, ಬದಲಿ ಆಟಗಾರರ ಬೆಂಚಿನ ಚಪ್ಪರ ಟ್ರ್ಯಾಕಿನಿಂದ ಹೊರಗೆ. ಇವುಗಳ ಕಾಲಿಗೆ ಚಪ್ಪಟೆ ತಟ್ಟೆ ಇಲ್ಲದಿದ್ದರೆ ರಬ್ಬರಿನಲ್ಲಿ ತಗ್ಗು ಬಿದ್ದಿರುತ್ತದೆ. ಗೋಲುಕಂಬ ಕಿತ್ತು, ಕುಳಿಗೆ ಮುಚ್ಚಳ ಹಾಕಿ, ಅದರ ಮೇಲೆ ಹುಲ್ಲಿನ ಬಿಲ್ಲೆ ಇಡಬೇಕು. ಆಮೇಲೆ ಮೂಲೆಯ ಹಾಸು ಸುತ್ತಿ ಕರ್ಬ್ ಕೂರಿಸುವುದು. ಹ್ಯಾಮರ್ ಬಲೆಯ ಕಂಬಗಳನ್ನು ನಿಲ್ಲಿಸುವುದು ಹೆಚ್ಚು ಹೊತ್ತು ಹಿಡಿಯುವ ಕೆಲಸ: ಬಲೆ ಕನಿಷ್ಠ 7 ಮೀಟರ್ ಎತ್ತರ ಇರಬೇಕು, ಮುಂಭಾಗದ ಬಾಗಿಲುಗಳು ಇನ್ನೂ ಎತ್ತರ. ಸ್ಟೀಪಲ್‌ಚೇಸ್ ಗುಂಡಿಗೆ ನೀರು ಬಿಡುವುದನ್ನು ಬೆಳಗ್ಗೆಗೆ ಇಟ್ಟುಕೊಂಡರೆ ಕೆಟ್ಟಿತು, ತುಂಬಲು ತಡವಾಗುತ್ತದೆ. ಉದ್ದ ಜಿಗಿತದ ಮರಳನ್ನು ಕೆದಕಿ ಸಡಿಲಿಸಿ, ಜಿಗಿಹಲಗೆಯ ಮಟ್ಟಕ್ಕೆ ಸಮ ಮಾಡಬೇಕು. ಮರಳು ತಗ್ಗಿದರೆ ಜಿಗಿದವನಿಗೆ ಸುಮ್ಮನೆ ನಾಲ್ಕಾರು ಸೆಂಟಿಮೀಟರ್ ಸಿಗುತ್ತದೆ.

ಎಸೆತದ ಕ್ಷೇತ್ರದ ಗೆರೆ ಹಾಕಲು ಕೋನಮಾಪಕ ಬೇಡ. ಗುಂಡು, ಡಿಸ್ಕಸ್, ಹ್ಯಾಮರ್‌ಗಳ ಕ್ಷೇತ್ರ 34.92 ಡಿಗ್ರಿ. ವೃತ್ತದ ನಡುವಿನಿಂದ ಎರಡು ಟೇಪುಗಳನ್ನು 20 ಮೀಟರ್ ಎಳೆದು ತುದಿಗಳ ನಡುವೆ ಸರಿಯಾಗಿ 12 ಮೀಟರ್ ಅಂತರ ಇಟ್ಟರೆ ಅದೇ ಕೋನ ಬರುತ್ತದೆ. ಜಾವೆಲಿನ್‌ಗೆ 20 ಮೀಟರಿಗೆ 10 ಮೀಟರ್, 28.96 ಡಿಗ್ರಿ. ಹುಲ್ಲಿನ ಮೇಲೆ ಬಣ್ಣ ಹಚ್ಚದೆ ಬಿಳಿ ಪಟ್ಟಿಯನ್ನು ಗೂಟ ಹೊಡೆದು ಕಟ್ಟುವುದು ಮೇಲು, ಮುಂದಿನ ಪಂದ್ಯಕ್ಕೆ ಅಂಕಣದ ತುಂಬ ಗೊಂದಲದ ಗೆರೆ ಉಳಿಯುವುದಿಲ್ಲ. ಕೊನೆಗೆ ಗಾಳಿಮಾಪಕ. ಗುರಿಯಿಂದ 50 ಮೀಟರ್ ಹಿಂದೆ, 1.22 ಮೀಟರ್ ಎತ್ತರದಲ್ಲಿ, ಟ್ರ್ಯಾಕಿನಿಂದ 2 ಮೀಟರಿನೊಳಗೆ. ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ 100 ಮೀಟರ್ ಓಟದ ದಾಖಲೆ ಲೆಕ್ಕಕ್ಕಿಲ್ಲ.

ನೋಡುವವರ ದೂರು

ಫುಟ್‌ಬಾಲ್ ಪ್ರೇಕ್ಷಕನಿಗೆ ಇದಾವುದೂ ಬೇಕಿಲ್ಲ, ಅವನಿಗೆ ಆಟ ಹತ್ತಿರ ಕಾಣಬೇಕು ಅಷ್ಟೆ. ಗೋಲಿನ ಹಿಂದಿನ 26 ಮೀಟರಿಗೆ ಎಂಟು ಲೇನ್‌ಗಳ 9.76 ಮೀಟರ್ ಸೇರಿಸಿ. ಮೊದಲ ಸಾಲಿನವನೇ ಗೋಲಿನಿಂದ 36 ಮೀಟರ್ ಆಚೆ ಕೂತಿರುತ್ತಾನೆ. ಚೆಂಡಿನ ವ್ಯಾಸ 22 ಸೆಂಟಿಮೀಟರ್. ಆಚೆ ಗೋಲಿನಲ್ಲಿ ಏನಾಯಿತೆಂಬುದು ಅವನಿಗೆ ಪಕ್ಕದವರ ಕೂಗಿನಿಂದಲೇ ಗೊತ್ತಾಗಬೇಕು. ಮೊದಲ ಸಾಲು ತಗ್ಗಿನಲ್ಲಿದ್ದರೆ ಇನ್ನೂ ಕಷ್ಟ, ಅಂಕಣ ಒಂದು ತೆಳುಗೆರೆಯಂತೆ ಕಾಣುತ್ತದೆ. ಗ್ಯಾಲರಿಯನ್ನು ಎತ್ತರಿಸಿದರೆ ಹಿಂದಿನ ಸಾಲುಗಳು ಇನ್ನಷ್ಟು ದೂರ.

1990ರ ವಿಶ್ವಕಪ್‌ಗೆ ಟುರಿನ್‌ನಲ್ಲಿ ಕಟ್ಟಿದ ಡೆಲ್ಲೆ ಆಲ್ಪಿ ಹಾಳಾದದ್ದು ಇದೇ ದೂರಿನಿಂದ. ಸುಮಾರು 69,000 ಜನ ಹಿಡಿಸುವ ಜಾಗ, ಸುತ್ತ ಟ್ರ್ಯಾಕ್, ಕೂತವರಿಗೆ ಆಟ ಕಾಣದು. ಖಾಲಿ ಕುರ್ಚಿಗಳೇ ಹೆಚ್ಚಾಗಿ, ಇಪ್ಪತ್ತು ವರ್ಷ ತುಂಬುವ ಮುಂಚೆ ಕೆಡವಿದರು. ಅದೇ ಜಾಗದಲ್ಲಿ 2011ರಲ್ಲಿ ಯುವೆಂಟಸ್ ಟ್ರ್ಯಾಕ್ ಇಲ್ಲದ ತನ್ನದೇ ಕ್ರೀಡಾಂಗಣ ತೆರೆಯಿತು. ಮ್ಯೂನಿಕ್‌ನ 1972ರ ಒಲಿಂಪಿಕ್ ಕ್ರೀಡಾಂಗಣವನ್ನು ಅಲ್ಲಿನ ಎರಡೂ ಕ್ಲಬ್‌ಗಳು 2005ರಲ್ಲಿ ಬಿಟ್ಟುಹೋದವು. ಸ್ಟುಟ್‌ಗಾರ್ಟ್‌ನಲ್ಲಿ ತಿರುಗುಮುರುಗು: 1993ರಲ್ಲಿ ವಿಶ್ವ ಅಥ್ಲೆಟಿಕ್ಸ್ ನಡೆದ ಕ್ರೀಡಾಂಗಣದಿಂದ ಟ್ರ್ಯಾಕನ್ನೇ ತೆಗೆದು ಗ್ಯಾಲರಿಯನ್ನು ಅಂಕಣದ ಹತ್ತಿರ ತಂದರು. ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್‌ನಲ್ಲೂ ಲಂಡನ್‌ನ 2012ರ ಕ್ರೀಡಾಂಗಣದಲ್ಲೂ ಕೆಳಗಿನ ಗ್ಯಾಲರಿಯನ್ನೇ ಸರಿಸುವ ಏರ್ಪಾಟಿದೆ. ಕೇಳಲು ಜಾಣ ಉಪಾಯ, ಆದರೆ ಪ್ರತಿ ಸಲ ಸರಿಸಲು ದಿನಗಟ್ಟಲೆ ಕೆಲಸ, ದೊಡ್ಡ ಖರ್ಚು. ಸಾಧಾರಣ ನಗರಕ್ಕೆ ಇದು ಆನೆ ಸಾಕಿದಂತೆ.

ಯೊಕೊಹಾಮಾ ನಗರ ಬೇರೊಂದು ಲೆಕ್ಕ ಹಾಕಿತು. 1998ರಲ್ಲಿ ತೆರೆದ ಅದರ ಕ್ರೀಡಾಂಗಣದಲ್ಲಿ ಟ್ರ್ಯಾಕೂ ಇದೆ, 2002ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ಕೂಡ ಅಲ್ಲೇ ಆಯಿತು. ಅದು ನಿಂತಿರುವುದು ತ್ಸುರುಮಿ ನದಿಯ ನೆರೆನೀರು ತಡೆಯುವ ತಗ್ಗಿನಲ್ಲಿ, ಕಂಬಗಳ ಮೇಲೆ. ನದಿ ಉಕ್ಕಿದಾಗ ನೀರು ಕ್ರೀಡಾಂಗಣದ ಕೆಳಗೆ ಹರಡುತ್ತದೆ. 2019ರ ಅಕ್ಟೋಬರ್‌ನಲ್ಲಿ ಹಗಿಬಿಸ್ ಚಂಡಮಾರುತ ಅಪ್ಪಳಿಸಿ ಸುತ್ತಲೆಲ್ಲ ನೀರು ತುಂಬಿದ ಮರುದಿನವೇ ಮೇಲೆ ಜಪಾನ್–ಸ್ಕಾಟ್ಲೆಂಡ್ ರಗ್ಬಿ ವಿಶ್ವಕಪ್ ಪಂದ್ಯ ನಡೆಯಿತು. ನಗರದ ಜಾಗ ಎಂದರೆ ಆಟಕ್ಕಷ್ಟೇ ಅಲ್ಲ ಎಂಬ ಯೋಚನೆ ಅಲ್ಲಿ ಅಡಿಪಾಯದಲ್ಲೇ ಸೇರಿಕೊಂಡಿದೆ.

ಚಿಕ್ಕ ನಗರಗಳಿಗೆ ಸರಿಹೊಂದುವ ನಕ್ಷೆ ಹೆಚ್ಚು ಸರಳ. ಉದ್ದ ಅಕ್ಷ ಉತ್ತರ–ದಕ್ಷಿಣವಾಗಿರಲಿ, ಸಂಜೆಯ ಸೂರ್ಯ ಗೋಲ್‌ಕೀಪರ್‌ನ ಕಣ್ಣಿಗೆ ಹೊಡೆಯುವುದಿಲ್ಲ. ಗ್ಯಾಲರಿ ಪಶ್ಚಿಮದ ಒಂದೇ ಬದಿಗೆ ಸಾಕು, ಓಟದ ಗುರಿಗೆರೆ ಅದರ ಎದುರಿಗೇ ಬರುತ್ತದೆ, ಬಿಸಿಲು ಪ್ರೇಕ್ಷಕರ ಬೆನ್ನಿಗೆ ಬೀಳುತ್ತದೆ. ಗೋಲಿನ ಹಿಂದೆ ಗ್ಯಾಲರಿ ಕಟ್ಟುವುದು ಹಣ ಸುರಿದಂತೆ, ಅಲ್ಲಿ ಕೂತವರಿಗೆ ಎರಡೂ ಆಟ ಕಾಣುವುದಿಲ್ಲ. ಮಿಕ್ಕ ಜಾಗ ಮತ್ತು ಹಣದಲ್ಲಿ ಮಾಡಬೇಕಾದ್ದು ಪಕ್ಕದಲ್ಲೊಂದು ಅಭ್ಯಾಸದ ಟ್ರ್ಯಾಕ್.

ಮ್ಯಾಂಚೆಸ್ಟರ್‌ನಲ್ಲಿ ಆದದ್ದು ಹೀಗೆ. ನಗರಸಭೆಯ ಒಡೆತನದ ಕ್ರೀಡಾಂಗಣದಲ್ಲಿ 2002ರ ಕಾಮನ್‌ವೆಲ್ತ್ ಕೂಟ ನಡೆಯಿತು. ಕೂಟ ಮುಗಿದ ಕೂಡಲೇ ಟ್ರ್ಯಾಕ್ ಕಿತ್ತರು, ನೆಲವನ್ನು ಆಳಕ್ಕೆ ಅಗೆದು ಕೆಳಗೆ ಇನ್ನೊಂದು ಸುತ್ತು ಗ್ಯಾಲರಿ ಸೇರಿಸಿದರು, 2003ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಬಾಡಿಗೆಗೆ ಬಂತು. ಮೊದಲೇ ಹಾಗೆಂದು ಯೋಚಿಸಿಯೇ ಕಟ್ಟಿದ್ದರು. ಅದರ ಪಕ್ಕದಲ್ಲಿ, ಸ್ಪರ್ಧೆಗೆ ಮುಂಚೆ ಓಟಗಾರರು ಮೈ ಬಿಸಿ ಮಾಡಿಕೊಳ್ಳಲೆಂದು ಹಾಕಿದ್ದ ಟ್ರ್ಯಾಕನ್ನು ಮಾತ್ರ ಉಳಿಸಿಕೊಂಡರು. ಊರಿನ ಓಟಗಾರರ ಅಭ್ಯಾಸ, ಶಾಲಾ ಕೂಟ ಎಲ್ಲ ಆಮೇಲೆ ಅಲ್ಲಿಗೇ ಹೋದವು.